ಇಮಾಮ್ಬೀಯ ಐದು ಫರ್ಶಿ

ಅಳಿಯನಿಗೆ ಮಾವ ಏನಾದರೂ ಕೊಡುವುದು ನಮ್ಮ ಕಡೆಯ ಪದ್ಧತಿ. ನಾವೂ ಕೊಟ್ಟೆವು. ಬೈಕು ಕೊಟ್ಟೆವು, ಬೆರಳಿಗೆ ಉಂಗುರ ಕೊಟ್ಟೆವು, ಇದ್ದೊಬ್ಬ ಮಗಳು ರಾಧಿಕಾಳನ್ನೂ ಕೊಟ್ಟೆವು. ಅಳಿಯ ತಿರುಗಿ ನಮಗೊಂದು ಸಾಫ್ಟ್‌ವೇರ್ ಕೊಟ್ಟ. ಅದೂ ಪುಕ್ಕಟೆ ಅಲ್ಲ, ವರ್ಷಾ ವರ್ಷಾ ಬಾಡಿಗೆ ಕಟ್ಟಿಸಿಕೊಳ್ಳುತ್ತಾನೆ ಪುಣ್ಯಾತ್ಮ.

ಅಳಿಯ ಅಜಯಕುಮಾರ ಸೇಡಮ್ಮಿನವನು. ಮದುವೆಯ ಹೊತ್ತಿಗೆ ಯಾವುದೋ ಗೋದಾಮಿನಲ್ಲಿ ನೌಕರಿಯಿತ್ತು. ಅದನ್ನು ಬಿಟ್ಟು 'ಹಿಸಾಬ್ ಸುಲ್ತಾನ್' ಎಂಬ ಸಾಫ್ಟ್‌ವೇರಿನ ಏಜೆನ್ಸಿ ಹಿಡಿದ. ಅಂಗಡಿಯ ಲೆಕ್ಕ, ಮಾಲು, ಬಿಲ್ಲು ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದಂತೆ. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ಎಲ್ಲಾ ಕಡೆ ತಿರುಗಿದ. ಕಿರಾಣಿಯವರು ಚಹಾ ಕುಡಿಸಿ ಕಳಿಸಿದರು. ಬಟ್ಟೆಯಂಗಡಿಯವರು ಚಹಾನೂ ಕುಡಿಸಲಿಲ್ಲ. ಮೊದಲ ಗಿರಾಕಿ ಯಾರಾಗಬೇಕು ಹಾಗಾದರೆ? ಮಗಳು ಫೋನಿನಲ್ಲಿ ಎರಡು ಸಲ ಮೂಗು ಎಳೆದಳು ನೋಡಿ, ಮಾವನೇ ಗಿರಾಕಿಯಾದರು.

ನಮ್ಮವರ ಹೆಸರು ಅಣವೀರಪ್ಪ. ಗಂಡನ ಹೆಸರು ಬಾಯಲ್ಲಿ ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದರು. ಈ ಸಾಫ್ಟ್‌ವೇರ್ ಬಂದ ದಿನಗಳಲ್ಲಿ ನಾನು ಬೇಕಂತಲೇ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದೆ, ಅಷ್ಟು ಸಿಟ್ಟು ಬಂದಿತ್ತು.

ಶಹಾಬಾದಿನಲ್ಲಿ ನಮ್ಮದು ಫರ್ಶಿ ಕಾರ್ಖಾನೆ. ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ಎರಡು ಕಟಿಂಗ್ ಮಶೀನು, ಒಂದು ಪಾಲಿಶ್ ಮಶೀನು, ಒಂದು ತಗಡಿನ ಶೆಡ್ಡು, ಸುತ್ತ ಎಲ್ಲಿ ನೋಡಿದರೂ ಕಲ್ಲು. ಮಗ್ಗುಲಲ್ಲೇ ನಮ್ಮ ಮನೆ. ಗಣಿಯಿಂದ ಬಂದ ಹಾಸುಗಲ್ಲನ್ನು ಕೊಯ್ದು, ಉಜ್ಜಿ, ನೆಲಕ್ಕೆ ಹಾಸುವ ಫರ್ಶಿ ಮಾಡಿ ಮಾರುತ್ತೇವೆ. ಮಾವನವರ ಕಾಲದಿಂದಲೂ ಲೆಕ್ಕವೆಲ್ಲ ತಲೆಯಲ್ಲಿ, ಇಲ್ಲವೇ ಗೋಡೆಯ ಮೇಲಿನ ಸೀಮೆಸುಣ್ಣದ ಗೀಟಿನಲ್ಲಿ. ಎಷ್ಟು ಮಾಲು ಅದ ಎಂದು ಯಾರಾದರೂ ಕೇಳಿದರೆ ನಮ್ಮವರು, "ಎಷ್ಟಾರ ಇರ್ಲಿ, ನಿಮಗೆಷ್ಟ ಬೇಕು ಅದನ್ನ ಹೇಳ್ರಿ" ಅನ್ನುತ್ತಿದ್ದರು. ವ್ಯಾಪಾರ ನಡೆದಿತ್ತು.

ಸುಲ್ತಾನ ಬಂದ ಮೇಲೆ ಇದೆಲ್ಲ ಅನಾಗರಿಕವಾಯಿತು. ನಮ್ಮವರು ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ ಸೀದಾ ಕಂಪ್ಯೂಟರಿನ ಮುಂದೆ ಕೂಡುತ್ತಿದ್ದರು. ಒಂದೇ ಬೆರಳಿನಿಂದ ಟಕ್, ಟಕ್ ಎಂದು ಒತ್ತುತ್ತಿದ್ದರು. ಹಸಿರು ಅಕ್ಷರ ಬಂದರೆ ಒಬ್ಬರೇ ನಗುತ್ತಿದ್ದರು. ನನ್ನ ಮುಖ ನೋಡಿ ಮದುವೆಯಾದಾಗಿನಿಂದ ಒಮ್ಮೆಯೂ ಹಾಗೆ ನಕ್ಕವರಲ್ಲ. ಗಿರಾಕಿ ಎದುರು ನಿಂತು, "ಸಾವ್ಕಾರ, ಆ ಗುಡ್ಡೆದಾಗಿಂದ ನೂರು ಫರ್ಶಿ ಕೊಡ್ರಿ" ಎಂದರೆ, ಕಣ್ಣೆದುರಿಗೇ ಇರುವ ಗುಡ್ಡೆಯನ್ನು ಬಿಟ್ಟು, "ತಡೀರಿ, ಅದಾವೋ ಇಲ್ಲೋ ಸುಲ್ತಾನಗ ಕೇಳ್ತೀನಿ" ಎಂದು ಒಳಗೆ ಓಡುತ್ತಿದ್ದರು.

ಅಳಿಯ ಒಂದು ಕಾಯಿದೆ ಮಾಡಿದ್ದ. "ಮಾಮಾ, ಅಂಗಳದಾಗ ಇದ್ದದ್ದೆಲ್ಲಾ ಕಂಪ್ಯೂಟರಿನ್ಯಾಗ ಇರಬೇಕು. ಕಂಪ್ಯೂಟರಿನ್ಯಾಗ ಇದ್ದದ್ದೆಲ್ಲಾ ಅಂಗಳದಾಗ ಇರಬೇಕು. ಇಷ್ಟಾತು ಅಂದ್ರ ನೀವು ಗೆದ್ರಿ" ಎಂದಿದ್ದ. ಯಾರ ಮೇಲೆ ಗೆಲ್ಲಬೇಕು ಎಂದು ಅವನೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಗೆಲ್ಲುವುದಕ್ಕೆಂದು ಮಾವ ಅಳಿಯ ಇಬ್ಬರೂ ಸೇರಿ ಕಂಡಕಂಡ ಕಲ್ಲಿಗೆಲ್ಲ ಕಪ್ಪು ಗೀಟಿನ ಸ್ಟಿಕ್ಕರ್ ಅಂಟಿಸುತ್ತ ಹೊರಟರು. ಆ ಗೀಟನ್ನು ಸುಲ್ತಾನ ಓದುತ್ತಾನಂತೆ. ಪಾಲಿಶಿನ ನೀರಿಗೆ ಅರ್ಧ ಸ್ಟಿಕ್ಕರ್ ಕಿತ್ತುಬಂದು ಚರಂಡಿ ಸೇರಿದವು. ಮತ್ತೆ ಅಂಟಿಸಿದರು. ಒಂದು ದಿನ ನಾನು ಹಿತ್ತಲಲ್ಲಿ ಬಟ್ಟೆ ನೆನೆಹಾಕಿ ಕೂತಿದ್ದೆ. ಚಿಂಚೋಳಿ ಕಡೆಯ ಗಿರಾಕಿಯೊಬ್ಬ ಬಿಲ್ಲು ಹಿಡಿದುಕೊಂಡು ಸೀದಾ ನನ್ನ ಹತ್ತಿರ ಬಂದ. "ಅಮ್ಮಾ, ಸ್ವಲ್ಪ ಏಳ್ರಿ. ಈ ಕಲ್ಲು ನಾ ತಗೊಂಡೀನಿ" ಎಂದ. ನೋಡಿದರೆ ನನ್ನ ಒಗೆಯುವ ಕಲ್ಲಿಗೂ ಸ್ಟಿಕ್ಕರ್! ನನ್ನ ಅತ್ತೆ ಒಗೆದ ಕಲ್ಲು, ಅವರತ್ತೆ ಒಗೆದ ಕಲ್ಲು. ಹರಿದು ಬಿಸಾಕಿದೆ. ಕಲ್ಲಿನ ಮೇಲೆ ಹತ್ತಿ ಕೂತೆ.

"ಒಯ್ಯೋದಿದ್ರ ನನ್ನನ್ನೂ ಕೂಡ್ಸಿ ಒಯ್ಯಿ. ಬಿಲ್ಲಿನ್ಯಾಗ ನನ್ನ ಹೆಸರೂ ಬರಿಸ್ಕೊಂಡು ಬಾ" ಎಂದೆ.

ಗಿರಾಕಿ ಬಿಲ್ಲು ನೋಡಿದ, ನನ್ನ ನೋಡಿದ, ಹಿಂದಕ್ಕೆ ಹೋದ. ಹೀಗೆ ನನ್ನ ಕಲ್ಲೇನೋ ಉಳಿಯಿತು. ಎಲ್ಲರ ಕಲ್ಲಿಗೂ ಹಾಗೆ ಹತ್ತಿ ಕೂಡುವವರು ಇರುವುದಿಲ್ಲವಲ್ಲ.

ಇಲ್ಲಿ ನಮ್ಮ ಹಿಂದಿನ ಗೋಡೆಯ ಮಾತು ಹೇಳಬೇಕು. ಕಾರ್ಖಾನೆಯ ಹಿಂದೆ ಬೇವಿನ ಗಿಡದ ಪಕ್ಕ ಒಂದು ಗೋಡೆಯಿದೆ. ಅದಕ್ಕೆ ಆನಿಸಿಟ್ಟ ಫರ್ಶಿಗಳನ್ನು ಯಾರೂ ಮಾರುವುದಿಲ್ಲ, ಯಾರೂ ಮುಟ್ಟುವುದಿಲ್ಲ. ಅವು ನಮ್ಮಲ್ಲಿ ದುಡಿದವರು ತಮಗೆಂದು ಆರಿಸಿಟ್ಟುಕೊಂಡ ಕಲ್ಲು. ಬದುಕಿಡೀ ಪರರ ಮನೆಗೆ ನೆಲ ಹಾಸಿದವನು ಕೊನೆಗೆ ತನ್ನ ಗೋರಿಯ ಮಣ್ಣಿನ ಮೇಲೆ ಬೀಳುವ ಕಲ್ಲನ್ನಾದರೂ ತಾನೇ ಆರಿಸಿಕೊಳ್ಳಲಿ ಎಂದು ನಮ್ಮ ಮಾವನವರ ಅಪ್ಪ ಹಾಕಿಕೊಟ್ಟ ಪದ್ಧತಿ. ಅದಕ್ಕೆ ಬಿಲ್ಲಿಲ್ಲ, ಹೆಸರಿಲ್ಲ. ಅಂಚಿಗೆ ಉಳಿಯಿಂದ ಒಂದು ಗುರುತು ಕೆತ್ತಿರುತ್ತಾರೆ, ಅಷ್ಟೇ. ಒಬ್ಬನದು ಎಲೆ, ಒಬ್ಬನದು ಚೇಳು. ಆರಿಸಿಟ್ಟವರು ಒಬ್ಬೊಬ್ಬರಾಗಿ ಹೋದರು, ತಮ್ಮ ತಮ್ಮ ಕಲ್ಲನ್ನೂ ಒಯ್ದರು. ಉಳಿದದ್ದು ಇಮಾಮ್ಬೀಯ ಐದು ಫರ್ಶಿ.

ಇಮಾಮ್ಬೀ ಖಾಲಾ ನಮ್ಮ ಮಾವನವರ ಕಾಲದಲ್ಲಿ ಇದೇ ಅಂಗಳದಲ್ಲಿ ತಲೆಯ ಮೇಲೆ ಫರ್ಶಿ ಹೊತ್ತವಳು. ನಮ್ಮವರನ್ನು ಸೊಂಟದ ಮೇಲೆ ಹೊತ್ತು ಆಡಿಸಿದವಳು. ಆಕೆಯ ಗಂಡ ಮಹಬೂಬಸಾಬ ಉಳಿ ಹಿಡಿದರೆ ಕಲ್ಲು ಬೆಣ್ಣೆಯಾಗುತ್ತಿತ್ತು. ಮಶೀನು ಬರುವ ಮುಂಚೆ ಒಂದೇ ಬಂಡೆಯಿಂದ ಐದೈದರ ಎರಡು ಜೊತೆ ಫರ್ಶಿ ಎಬ್ಬಿಸಿ, ಕೈಯಿಂದಲೇ ತಿದ್ದಿ ಇಟ್ಟಿದ್ದ. ಒಂದು ಜೊತೆ ತನ್ನ ಕಬರಿಗೆ, ಇನ್ನೊಂದು ಹೆಂಡತಿಯದಕ್ಕೆ. ಅವಳ ಐದು ಫರ್ಶಿಯ ಅಂಚಿಗೂ ಒಂದೊಂದು ಬಳೆ ಕೆತ್ತಿದ್ದ. "ಇದ್ದಾಗ ಬಂಗಾರದ ಬಳಿ ಕೊಡಲಿಲ್ಲ ಮೂಳ, ಸತ್ತ ಮ್ಯಾಲೆ ಕಲ್ಲಿನ ಬಳಿ ತೊಡಸ್ತಾನಂತ" ಎಂದು ಆಕೆ ಎಲ್ಲರೆದುರು ಬೈದು, ಎಲ್ಲರಿಗೂ ತೋರಿಸಿದ್ದಳಂತೆ. ಅವನು ತನ್ನ ಜೊತೆಯ ಕೆಳಗೆ ಹೋಗಿ ಬಹಳ ವರ್ಷವಾಯಿತು. ಆಕೆ ಪ್ರತಿ ಶುಕ್ರವಾರ ಬೆಳಗ್ಗೆ ಒಂದು ತಂಬಿಗೆ ನೀರು ತಂದು ತನ್ನವನ್ನು ತೊಳೆದು, ಸೆರಗಿನಿಂದ ಒರೆಸಿ ಹೋಗುತ್ತಿದ್ದಳು. ಮಗ ಸಿರಾಜುದ್ದೀನ ನಮ್ಮ ಪಾಲಿಶ್ ಮಶೀನಿನ ಮೇಲಿದ್ದಾನೆ.

ನಾನು ಮೊಮ್ಮಗನ ತೊಟ್ಟಿಲಿಗೆಂದು ಸೇಡಮ್ಮಿಗೆ ಹೋದೆ. ಸಿರಾಜನೂ ತಾಯಿಯನ್ನು ಕರೆದುಕೊಂಡು ಚಿಂಚೋಳಿಗೆ ಮದುವೆಗೆ ಹೋದ. ನಾನು ಮಗಳ ಹತ್ತಿರ ಹದಿನೈದು ದಿನ ಇದ್ದು ತಿರುಗಿ ಬಂದು ನೋಡುತ್ತೇನೆ, ಶೆಡ್ಡಿನ ಮಗ್ಗುಲಲ್ಲಿ ಹೊಸ ಖೋಲಿ! ಗಾಜಿನ ಬಾಗಿಲು, ಎಸಿ, ತಿರುಗುವ ಕುರ್ಚಿ. ಸುಲ್ತಾನನಿಗೆ ಸೆಕೆಯಾಗುತ್ತದಂತೆ. ನಾನು ಒಲೆಯ ಮುಂದೆ ಬೆವರಿನಲ್ಲಿ ಮಿಂದು ರೊಟ್ಟಿ ಬಡಿದಾಗ ಒಂದು ಫ್ಯಾನಿಗೆ ಗತಿಯಿರಲಿಲ್ಲ.

ಚಪ್ಪಲಿ ಕಳೆದು ಒಳಗೆ ಹೋದೆ. ಖೋಲಿಯ ನಡುವಿನ ನೆಲ ಕಾಲಿಗೆ ಬೇರೆ ಥರ ಹತ್ತಿತು. ಮಶೀನಿನ ನುಣುಪಲ್ಲ, ಕೈಯ ನುಣುಪು. ಬಗ್ಗಿ ನೋಡಿದೆ.

"ಏನ್ರಿ, ಇವು ಇಮಾಮ್ಬೀ ಖಾಲಾನವು ಅಲ್ಲೇನು?"

ನಮ್ಮವರು ಪರದೆಯಿಂದ ಮುಖ ತೆಗೆಯಲಿಲ್ಲ. "ಈಗ ಅಲ್ಲ" ಎಂದರು.

ಆಮೇಲೆ ಊಟಕ್ಕೆ ಕೂಡಿಸಿ, ರೊಟ್ಟಿ ಮುಂದಿಟ್ಟು, ಪಲ್ಯ ಬಡಿಸದೆ ನಿಂತು ಒಂದೊಂದೇ ಮಾತು ಹೊರಡಿಸಿದೆ. ಆದದ್ದಿಷ್ಟು. ಸ್ಟಿಕ್ಕರ್ ಹಚ್ಚುತ್ತ ಹಚ್ಚುತ್ತ ಅಳಿಯ ಹಿಂದಿನ ಗೋಡೆಗೂ ಹೋಗಿದ್ದಾನೆ. ಮಾರನೆಯ ದಿನದಿಂದ ಸುಲ್ತಾನ ಬೆಳಗ್ಗೆ ಬಾಯಿ ತೆರೆದ ಕೂಡಲೇ 'ಅಲುಗದ ಮಾಲು' ಎಂದು ಆ ಐದು ಫರ್ಶಿಗಳನ್ನು ಕೆಂಪಕ್ಷರದಲ್ಲಿ ತೋರಿಸತೊಡಗಿದ್ದಾನೆ. ಕೆಂಪು ಬರಬಾರದು, ಕೆಂಪೆಂದರೆ ಸೋಲು. "ಯಾರವು ಮಾಮಾ?" ಎಂದು ಅಳಿಯ ಕೇಳಿದ್ದಾನೆ. "ಇಮಾಮ್ಬೀದು" ಎಂದು ಇವರು ಹೇಳಿದ್ದಾರೆ. "ಬಿಲ್ ಅದೇನು?" ಎಂದಿದ್ದಾನೆ. ಬಿಲ್ಲಿಲ್ಲ. "ಬಿಲ್ ಇಲ್ಲಂದ್ರ ಮಾಲು ನಿಮ್ಮದೇ. ಮಾರ್ರಿ, ಇಲ್ಲಾ ನೀವೇ ಬಳಸ್ರಿ" ಎಂದಿದ್ದಾನೆ. ಅಳಿಯನ ಎದುರು ತಾನು ಹಳೆಯ ಕಾಲದವನು ಅನ್ನಿಸಿಕೊಳ್ಳಲು ಇವರಿಗೆ ನಾಚಿಕೆ. ಹೂಂ ಅಂದುಬಿಟ್ಟರು. ಖೋಲಿಗೆ ನೆಲ ಬೇಕಿತ್ತು, ಕೆಂಪೂ ಹೋಗಬೇಕಿತ್ತು.

"ನಿಮ್ಮನ್ನ ಸೊಂಟದ ಮ್ಯಾಲೆ ಹೊತ್ತವಳ ಕಲ್ಲು ತಂದು ಕುರ್ಚಿ ಕೆಳಗ ಹಾಕೀರಲ್ರಿ! ಎಂಥಾ ಮನುಷ್ಯರು ನೀವು?"

"ಏ ಭಾಗಾ, ಸುಮ್ಮ ಕುಂದ್ರು. ಆಕೀಗಿ ಬ್ಯಾರೆ ಐದು ಕೊಡೂಣು. ಮಶೀನ್ ಪಾಲಿಶಿಂದು, ಕನ್ನಡಿ ಹಂಗ ಹೊಳೀತಾವ."

"ಆಕೀ ಏನು ಅದರಾಗ ಮುಖಾ ನೋಡ್ಕೋಬೇಕಾಗ್ಯಾದೇನು?" ಎಂದು ಪಲ್ಯ ಒಳಗಿಟ್ಟೆ. ಅಂದು ಅವರು ಬರೀ ಉಪ್ಪಿನಕಾಯಿ ಹಚ್ಚಿಕೊಂಡು ಉಂಡರು.

ಗುರುವಾರ ಸಂಜೆ ಸಿರಾಜನ ಮನೆಯವರು ಚಿಂಚೋಳಿಯಿಂದ ಬಂದರು ಎಂದು ಕೇಳಿ ನನಗೆ ಊಟ ಸೇರಲಿಲ್ಲ. ಶುಕ್ರವಾರ ಬೆಳಗ್ಗೆ ಇಮಾಮ್ಬೀ ತಂಬಿಗೆ ಹಿಡಿದು ಬಂದಳು. ಬೇವಿನ ಗಿಡದ ಕೆಳಗೆ ನಿಂತಳು. ಬೋಳು ಗೋಡೆ. ತಂಬಿಗೆಯ ನೀರನ್ನು ಗಿಡದ ಬುಡಕ್ಕೆ ಹಾಕಿದಳು.

"ಭಾಗಾ, ನನ್ನ ಫರ್ಶಿ?"

ನಾನು ಗಾಜಿನ ಬಾಗಿಲ ಕಡೆ ಕೈ ಮಾಡಿದೆ. ಆಕೆ ಹೋದಳು, ಬಾಗಿಲ ಹೊರಗೆ ಚಪ್ಪಲಿ ಬಿಟ್ಟಳು, ಒಳಗೆ ಬಗ್ಗಿ ಅಂಗೈಯಿಂದ ನೆಲ ಸವರಿದಳು. ಬಳೆಯ ಗುರುತು ಸಿಮೆಂಟಿನೊಳಗೆ ಹೋಗಿತ್ತು. ಗುರುತಿಲ್ಲದೆಯೂ ತನ್ನ ಗಂಡನ ಕೈ ಆಕೆಗೆ ತಿಳಿಯಿತು.

"ಅಣವೀರಾ" ಎಂದಳು.

ನಮ್ಮವರು ಕುರ್ಚಿಯಿಂದ ಎದ್ದು ನಿಂತರು. "ಖಾಲಾ, ಅದು ಹಂಗಲ್ಲ. ಕಂಪ್ಯೂಟರಿನ್ಯಾಗ..."

"ಅರೆ, ನೀ ನಿನ್ನ ಕೆಲಸ ಮಾಡು ಬೇಟಾ. ನಾ ನಿನಗೇನಂದೆ?" ಎಂದಳು. ತನ್ನ ಐದು ಫರ್ಶಿಯ ಮೇಲೆ ಸೆರಗು ಹಾಸಿ, ತಲೆಯ ಕೆಳಗೆ ಕೈಯಿಟ್ಟು, ಉದ್ದಕ್ಕೆ ಮಲಗಿಬಿಟ್ಟಳು. "ನನ್ನ ಜಾಗಾ. ಒಂದಿಷ್ಟು ಮೊದಲೇ ಬಂದೀನಿ ಅಷ್ಟೇ."

ಅಂದಿನಿಂದ ದಿನಾ ಬಂದಳು. ಬೆಳಗ್ಗೆ ರೊಟ್ಟಿ ತಿಂದು ಬಂದು ಮಲಗುವುದು, ಸಂಜೆ ಬಾಗಿಲು ಹಾಕುವ ಹೊತ್ತಿಗೆ ಎದ್ದು ಹೋಗುವುದು. ಗಿರಾಕಿಗಳು ಬಾಗಿಲು ತೆರೆದವರು, "ಅಯ್ಯೋ, ಏನಾಗ್ಯಾದ ಪಾಪ?" ಎಂದು ಟೋಪಿ, ಟವೆಲ್ಲು ಕೈಗೆ ತೆಗೆದುಕೊಳ್ಳುತ್ತಿದ್ದರು. "ಇನ್ನಾ ಏನೂ ಆಗಿಲ್ಲ, ಆಗಲಿಕ್ಕೇ ಕಾಯಾಕತ್ತೀನಿ. ಬರ್ರಿ, ದಾಟಿ ಬರ್ರಿ" ಎಂದು ಆಕೆಯೇ ಕರೆಯುತ್ತಿದ್ದಳು. ಯಾರೂ ದಾಟುತ್ತಿರಲಿಲ್ಲ. ವಾಡಿಯ ಗುತ್ತಿಗೆದಾರನೊಬ್ಬ ಹೊರಗಿನಿಂದಲೇ ಕೈಮುಗಿದು ಬೇರೆ ಕಾರ್ಖಾನೆಗೆ ಹೋದ. ನಮ್ಮವರು ಏಳಲಾರರು, ಎಬ್ಬಿಸಲಾರರು. ಆಕೆಗೆ ಎಸಿ ಹೆಚ್ಚಾಯಿತೆಂದು ನಾನೇ ಒಂದು ಕೌದಿ ಒಯ್ದು ಹೊದಿಸಿದೆ. ಹೊದಿಸುವಾಗ ನಮ್ಮವರ ಮುಖ ನೋಡಬೇಕಿತ್ತು!

ಕೊನೆಗೆ ಅಳಿಯನನ್ನು ಕರೆಸಿದರು. ಅವನು ಬ್ಯಾಗು ತಂದು ಗೋಡೆಗೆ ಒತ್ತಿಕೊಂಡು ಒಳಗೆ ಹೋದ. "ಇದು ಭಾಳ ಸಣ್ಣ ಪ್ರಾಬ್ಲಮ್ ಮಾಮಾ" ಎಂದ. ಮೊದಲು ಆ ಫರ್ಶಿಗಳನ್ನು ತಿರುಗಿ ಮಾಲಿಗೆ ಸೇರಿಸಲು ನೋಡಿದ. ಸುಲ್ತಾನ ಒಪ್ಪಲಿಲ್ಲ. ನೆಲಕ್ಕೆ ಹಾಸಿದ ಮೇಲೆ ಅದು ಮಾಲಲ್ಲವಂತೆ, ಆಸ್ತಿಯಂತೆ. ಪ್ರತಿ ವರ್ಷ ಅದು ಸವೆದದ್ದನ್ನು ಸುಲ್ತಾನ ತಾನೇ ಲೆಕ್ಕದಿಂದ ಕಳೆಯುತ್ತಾನಂತೆ. ಹಾಗಾದರೆ ಹೊಸ ಐದು ಫರ್ಶಿ ಕೊಡುವುದೇ ಸರಿ ಎಂದು ಆಕೆಯ ಹೆಸರಿಗೆ ಬಿಲ್ಲು ಮಾಡಿದ. ಗಿರಾಕಿ: ಇಮಾಮ್ಬೀ. ಮೊಬೈಲು: ಸಿರಾಜನದು. ಮಾಲು ತಲುಪಿಸುವ ವಿಳಾಸ ಎಂಬಲ್ಲಿ ಸ್ವಲ್ಪ ತಡೆದ. ಆಮೇಲೆ 'ಶಹಾಬಾದ' ಎಂದಷ್ಟೇ ಬರೆದ.

"ಖಾಲಾ, ಒಂದನೇ ನಂಬರ್ ಮಾಲು. ಹತ್ತ ವರ್ಷದ ಗ್ಯಾರಂಟಿ ಬರಸೀನಿ" ಎಂದ.

ಆಕೆ ಮಲಗಿದಲ್ಲಿಂದಲೇ ಕಣ್ಣು ತೆರೆದಳು. "ಹತ್ತ ವರ್ಷ ಆದ ಮ್ಯಾಲೆ?"

"ಆಮ್ಯಾಲೆ ಬದಲಿ ಮಾಡಿಸ್ಬೇಕಂದ್ರ ನೀವೇ ಬಂದು..."

"ನಾನೇ ಎದ್ದು ಬರಬೇಕೇನು? ಬರ್ತೀನಿ ಬಿಡು. ಮೊದಲ ನಿನ್ನ ಮನೀಗೇ ಬರ್ತೀನಿ."

ಅಷ್ಟರಲ್ಲಿ ಮಶೀನಿನ ಹತ್ತಿರ ನಿಂತಿದ್ದ ಸಿರಾಜನ ಫೋನು ಟಿಂಗ್ ಎಂದಿತು. ಅವನು ಓದಿ, ಮುಖ ಸಣ್ಣದು ಮಾಡಿಕೊಂಡು ಒಳಗೆ ಬಂದ. ಸುಲ್ತಾನನೇ ಕಳಿಸಿದ್ದ: 'ಪ್ರಿಯ ಇಮಾಮ್ಬೀ, ನಮ್ಮಲ್ಲಿ ಖರೀದಿಸಿದ್ದಕ್ಕೆ ಧನ್ಯವಾದ. ನಮ್ಮ ಫರ್ಶಿ ಬಳಸಿದ ಅನುಭವ ಹೇಗಿತ್ತು? ಐದರಲ್ಲಿ ಎಷ್ಟು ನಕ್ಷತ್ರ ಕೊಡುವಿರಿ? ಮತ್ತೆ ಬನ್ನಿ!'

"ಏನಂತ ಬೇಟಾ?" ಎಂದು ತಾಯಿ ಕೇಳಿದಳು. ಅವನು ಓದಿ ಹೇಳಿದ.

"ಹೋದ ಮ್ಯಾಲೆ ಹೇಳಿ ಕಳಿಸ್ತೀನಿ ಅನ್ನು" ಎಂದು ಆಕೆ ಮಗ್ಗುಲಾದಳು. ನಾನು ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ನಮ್ಮವರಿಗೂ ನಗು ಬಂತು ಅಂತ ಕಾಣುತ್ತದೆ, ಅಳಿಯ ಇದ್ದನಲ್ಲ, ಕೆಮ್ಮಿದರು.

ನಗು ಬಹಳ ದಿನ ಉಳಿಯಲಿಲ್ಲ. ಎಸಿಯ ತಣ್ಣನೆ ಗಾಳಿ, ಕೆಳಗೆ ತಣ್ಣನೆ ಕಲ್ಲು, ಮುದಿ ಮೈ. ಒಂದು ಬೆಳಗ್ಗೆ ಇಮಾಮ್ಬೀ ಬರಲಿಲ್ಲ. ಹೋಗಿ ನೋಡಿದರೆ ಜ್ವರ, ಎದೆಯಲ್ಲಿ ಗೊರಗೊರ. ಡಾಕ್ಟರು ಸೂಜಿ ಕೊಟ್ಟಿದ್ದರು, ಕಲಬುರಗಿಗೆ ಒಯ್ದರೆ ಒಳ್ಳೆಯದು ಎಂದಿದ್ದರು. ಆಕೆ ಒಲ್ಲೆ ಎಂದಿದ್ದಳು. ನನ್ನ ಕೈ ಹಿಡಿದು, "ಭಾಗಾ, ಅಲ್ಲಿ ಏನಾರ ಆದ್ರ ಯಾವದೋ ಕಲ್ಲು ಹಾಕ್ತಾರ. ನಾ ಹೋಗಂಗಿಲ್ಲ" ಎಂದಳು. ಕೈ ಸುಡುತ್ತಿತ್ತು. ಮನೆಗೆ ಬರುವವರೆಗೂ ಅತ್ತುಕೊಂಡೇ ಬಂದೆ.

ಸಿರಾಜ ಅಂದು ಕೆಲಸಕ್ಕೆ ಬಂದವನು ಮಶೀನು ಹಚ್ಚಲಿಲ್ಲ. ಎಷ್ಟೋ ವರ್ಷದಿಂದ ನಮ್ಮವರ ಎದುರು ತಲೆಯೆತ್ತಿ ಮಾತಾಡದವನು ಗಾಜಿನ ಬಾಗಿಲ ಹೊರಗೆ ನಿಂತು ಕೇಳಿದ.

"ಸಾವ್ಕಾರ, ಅಮ್ಮಿಗಿ ಏನಾರ ಆದ್ರ ನಾ ಯಾವ ಕಲ್ಲು ಹಾಕ್ಲಿ? ಅದೊಂದು ಹೇಳ್ರಿ. ನಾ ಮತ್ತೇನೂ ಕೇಳಂಗಿಲ್ಲ."

"ಸಿಮೆಂಟು ಹಿಡದಾದೋ ಸಿರಾಜ. ಎಬ್ಬಿಸಾಕ ಹೋದ್ರ ಒಡದು ಹೋಗ್ತಾವ" ಎಂದರು ನಮ್ಮವರು. ಸಿರಾಜ ಅವರನ್ನೇ ಒಂದು ಕ್ಷಣ ನೋಡಿ ಮನೆಗೆ ಹೋದ.

ಮಧ್ಯಾಹ್ನ ನಾನು ಚಹಾ ಒಯ್ದೆ. ಗಾಜಿನ ಹೊರಗೇ ನಿಂತೆ. ಒಳಗೆ ಇಮಾಮ್ಬೀ ಇಲ್ಲ, ನೆಲ ಖಾಲಿ, ಕೌದಿ ಮಡಿಚಿ ಮೂಲೆಯಲ್ಲಿತ್ತು. ನಮ್ಮವರು ಕುರ್ಚಿಯಿಂದ ಎದ್ದು ನೀರಿನ ಹೂಜಿಯ ಕಡೆ ಹೊರಟರು. ಸೀದಾ ಹೋದರೆ ನಾಲ್ಕು ಹೆಜ್ಜೆ. ಅವರು ಸೀದಾ ಹೋಗಲಿಲ್ಲ. ಗೋಡೆಗೆ ಬೆನ್ನು ಹಚ್ಚಿಕೊಂಡು, ಪಕ್ಕಕ್ಕೆ ಪಕ್ಕಕ್ಕೆ ಕಾಲು ಸರಿಸುತ್ತ, ಆ ಐದು ಫರ್ಶಿಯ ಮೇಲೆ ಪಾದ ಬೀಳದಂತೆ ಸುತ್ತು ಹಾಕಿ ಹೋದರು. ನೀರು ಕುಡಿದು ಹಾಗೇ ತಿರುಗಿ ಬಂದರು. ಅವರನ್ನು ನೋಡುವವರು ಯಾರೂ ಇರಲಿಲ್ಲ, ನಾನೊಬ್ಬಳೇ.

ಒಳಗೆ ಹೋಗಿ ಚಹಾ ಇಟ್ಟೆ. ಅವರು ಪರದೆ ನೋಡುತ್ತಿದ್ದರು. ಎಲ್ಲವೂ ಹಸಿರಿತ್ತು, ಒಂದೂ ಕೆಂಪಿಲ್ಲ. ಅವರ ಕಣ್ಣು ಮಾತ್ರ ಕೆಂಪಾಗಿತ್ತು.

"ಭಾಗಾ, ಖಾಲಾ ಹ್ಯಾಂಗ ಅದಾಳ?"

"ಅದಾಳ. ಇವತ್ತಿಗಿ ಅದಾಳ. ಹೋದ್ರ ಈ ಖೋಲ್ಯಾಗೇ ಮಣ್ಣು ಮಾಡಬೇಕಾಗ್ತದ. ನಿಮ್ಮ ಸುಲ್ತಾನಗ ಕೇಳಿ ಇಡ್ರಿ, ಅದಕ್ಕೂ ಸ್ಟಿಕ್ಕರ್ ಅದೇನು ಅಂತ."

ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ. ಚಹಾ ಹಾಗೇ ಬಿಟ್ಟು ಶೆಡ್ಡಿಗೆ ಹೋದರು. ಹಳೆಯ ಉಳಿ, ಸುತ್ತಿಗೆ ಹುಡುಕಿ ತಂದರು. ಸಣ್ಣವರಿದ್ದಾಗ ಮಹಬೂಬಸಾಬನ ಹತ್ತಿರ ಉಳಿ ಹಿಡಿಯಲು ಕಲಿತಿದ್ದರಂತೆ, ಸಾವ್ಕಾರರಾದ ಮೇಲೆ ಮುಟ್ಟಿರಲಿಲ್ಲ. ಅಂಗಿ ಕಳಚಿ, ಧೋತರ ಮೇಲೆ ಕಟ್ಟಿ, ಎಸಿಯ ಖೋಲಿಯಲ್ಲಿ ಮೊಣಕಾಲೂರಿ ಕೂತರು. ಮೊದಲ ಪೆಟ್ಟಿಗೆ ಹೆಬ್ಬೆರಳನ್ನೇ ಜಜ್ಜಿಕೊಂಡರು. ನಾನು ಪಾಪ ಅನ್ನಲಿಲ್ಲ.

ಸುದ್ದಿ ಕೇಳಿ ಸಿರಾಜ ಓಡಿ ಬಂದ. ಎದುರಿಗೆ ತಾನೂ ಕೂತ. ಇಬ್ಬರೂ ಸಂದಿಯ ಸಿಮೆಂಟು ಬಿಡಿಸುತ್ತ ಹೋದರು. ನಾಲ್ಕು ಫರ್ಶಿ ಇದ್ದ ಹಾಗೇ ಎದ್ದವು. ಐದನೆಯದು ಏಳುವಾಗ ಒಂದು ಮೂಲೆ ಟಪ್ಪೆಂದು ಮುರಿಯಿತು. ನಮ್ಮವರು ಆ ತುಂಡನ್ನು ಕೈಯಲ್ಲಿ ಹಿಡಿದು ಕೂತುಬಿಟ್ಟರು. ಆಮೇಲೆ ಅದನ್ನೇ ಹಿಡಿದುಕೊಂಡು, ಧೂಳು ಮೈಯಲ್ಲೇ, ಸಿರಾಜನ ಮನೆಗೆ ಹೋದರು. ನಾನೂ ಹಿಂದೆ ಹೋದೆ.

"ಖಾಲಾ, ಎಬ್ಬಿಸೀವಿ. ಒಂದರ ಮೂಲಿ ಮುರೀತು. ನನ್ನ ಕೈಯಿಂದೇ ಮುರೀತು."

ಇಮಾಮ್ಬೀ ತುಂಡನ್ನು ತೆಗೆದುಕೊಂಡು ಜ್ವರದ ಕಣ್ಣಿಂದ ತಿರುಗಿಸಿ ನೋಡಿದಳು. "ಇರ್ಲಿ ಬಿಡು" ಎಂದಳು. "ಅವನದೂ ಮುಂದಿನ ಹಲ್ಲು ಒಂದು ಮುರದಿತ್ತು. ಜೋಡಾಯ್ತು." ಆಮೇಲೆ ಅವರ ಊದಿದ ಹೆಬ್ಬೆರಳು ಕಂಡಿತು. "ಇಷ್ಟ ವರ್ಷ ಆದ್ರೂ ಉಳಿ ಹಿಡಿಯಾಕ ಬರಂಗಿಲ್ಲ ಮೂಳಗ" ಎಂದು ನನ್ನ ಕಡೆ ನೋಡಿದಳು. ನಮ್ಮವರು ಚಿಕ್ಕ ಹುಡುಗನ ಹಾಗೆ ಆಕೆಯ ಹಾಸಿಗೆಯ ಅಂಚಿಗೆ ಮುಖವಿಟ್ಟು ಅತ್ತುಬಿಟ್ಟರು.

ಮರುದಿನ ಆಕೆ ಬಾಯಿ ಮುಚ್ಚಿಕೊಂಡು ಕಲಬುರಗಿ ದವಾಖಾನೆಗೆ ಹೋದಳು. ಗುಣವಾಗಿ ಬಂದಳು. ಬಂದವಳೇ ಗೋಡೆಯ ಹತ್ತಿರ ಹೋಗಿ ಐದನ್ನೂ ಎಣಿಸಿ, ಸಿಮೆಂಟಿನ ಕಲೆ ಹಾಗೇ ಉಳಿಸಿದ್ದಕ್ಕೆ ಸಿರಾಜನನ್ನು ಬೈದಳು.

ಸುಲ್ತಾನ ಇನ್ನೂ ಇದ್ದಾನೆ. ಅಳಿಯನ ಹೊಟ್ಟೆಯ ಪ್ರಶ್ನೆ, ಬಿಡುವ ಹಾಗಿಲ್ಲ. ಪ್ರತಿ ಬೆಳಗ್ಗೆ ಸುಲ್ತಾನ ಬಾಯಿ ತೆರೆದು, ಐದು ಫರ್ಶಿ ನಾಪತ್ತೆ ಎಂದು ಕೆಂಪಕ್ಷರದಲ್ಲಿ ಕಿರುಚುತ್ತಾನೆ. ನಮ್ಮವರು ಪರದೆಯ ಆ ಮೂಲೆಗೆ ಅವನದೇ ಒಂದು ಸ್ಟಿಕ್ಕರ್ ಅಂಟಿಸಿದ್ದಾರೆ. ಖೋಲಿಯ ನಡುವಿನ ಗುಂಡಿಯನ್ನೂ ಮುಚ್ಚಿಸಿಲ್ಲ. ಸುಲ್ತಾನನ ಹತ್ತಿರ ಹೋಗಬೇಕಾದವರು ಒಂದು ಹಲಗೆಯ ಮೇಲೆ ನಡೆದು ಹೋಗುತ್ತಾರೆ. ಗಿರಾಕಿಗಳಿಗೆ ಆ ತೊಂದರೆ ಬೇಡವಾಗಿದೆ. ಹೊರಗೇ ನಿಂತು ಗುಡ್ಡೆ ತೋರಿಸಿ ಕೇಳುತ್ತಾರೆ, ನಮ್ಮವರು ಹೊರಗೇ ನಿಂತು ಕೊಡುತ್ತಾರೆ.

ಆಮೇಲಿನ ಒಂದು ಶುಕ್ರವಾರ ನಾನು ಹಿಂದೆ ಹೋದಾಗ ಇಮಾಮ್ಬೀಯ ಫರ್ಶಿಯ ಮಗ್ಗುಲಲ್ಲಿ ಇನ್ನೆರಡು ಹೊಸ ಕಲ್ಲು ಕಂಡವು. ಕೈಯಿಂದ ತಿದ್ದಿದವು, ಅಲ್ಲಲ್ಲಿ ಉಳಿ ಜಾರಿದ ಗಾಯ. ಒಂದರ ಅಂಚಿಗೆ ಉಳಿ, ಇನ್ನೊಂದಕ್ಕೆ ಸೌಟು ಕೆತ್ತಿತ್ತು. ನಾನು ಅಲ್ಲೇ ನಿಂತಿದ್ದ ನಮ್ಮವರನ್ನು ನೋಡಿದೆ.

"ಒಂದು ನಂದು" ಎಂದರು, ಗಿಡದ ಕಡೆ ನೋಡುತ್ತ. "ಇನ್ನೊಂದು... ನಿನಗ ಚಲೋ ಅನ್ನಿಸಿದ್ರ ನೋಡು."

ಮೂವತ್ತು ವರ್ಷದಲ್ಲಿ ಒಂದು ಸೀರೆಯನ್ನು ತಾವಾಗಿ ಆರಿಸಿ ತಂದವರಲ್ಲ. ತಂಬಿಗೆ ಹಿಡಿದು ಬಂದಿದ್ದ ಇಮಾಮ್ಬೀ ನನ್ನ ಕಲ್ಲಿಗೆ ಗೇಣು ಹಾಕಿ ಅಳೆದಳು.

"ಗಿಡ್ಡ ಆಯ್ತಲ್ಲೋ ಅಣವೀರಾ."

"ನಾವು ಮಣ್ಣಾಗ ಕುಂತು ಹೋಗವ್ರು ಖಾಲಾ, ನಮಗಿಷ್ಟ ಸಾಕು" ಎಂದೆ ನಾನು.

"ಕುಂತ್ರೂ ನಿನಗ ಸಾಲಂಗಿಲ್ಲ ಬಿಡು" ಎಂದು ನನ್ನ ಸೊಂಟ ನೋಡಿ ನಕ್ಕಳು.

ಅಷ್ಟರಲ್ಲಿ ಅಳಿಯ ಬಂದ. ವರ್ಷದ ಬಾಡಿಗೆ ಕಟ್ಟಿಸಿಕೊಳ್ಳುವ ತಿಂಗಳು. ಕೈಯಲ್ಲಿ ಸ್ಟಿಕ್ಕರಿನ ಸುರುಳಿ. ಹೊಸ ಕಲ್ಲು ಕಂಡ ಕೂಡಲೇ ಅಭ್ಯಾಸಬಲದಿಂದ ಒಂದು ಸ್ಟಿಕ್ಕರ್ ಕಿತ್ತ.

"ಮಾಮಾ, ಇವೆರಡು ಎಂಟ್ರಿ ಆಗಿಲ್ಲಲಾ? ಯಾವ ಮಾಲು ಇವು?"

"ಮಾಲಲ್ಲ ಅಳಿಯಂದ್ರ" ಎಂದರು ನಮ್ಮವರು. "ಇದು ನಾನು. ಇದು ನಿಮ್ಮ ಅತ್ತಿ."

ಅಜಯಕುಮಾರನ ಕೈ ಅಲ್ಲೇ ನಿಂತಿತು. ಸ್ಟಿಕ್ಕರ್ ಅವನ ಬೆರಳಿಗೇ ಅಂಟಿಕೊಂಡಿತ್ತು. ಒಮ್ಮೆ ನಮ್ಮವರ ಮುಖ ನೋಡಿದ, ಒಮ್ಮೆ ನನ್ನ ಮುಖ ನೋಡಿದ. ಉಳಿ, ಸೌಟು, ಬಳೆಯ ಗುರುತುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದ. ಗೋಡೆಯಲ್ಲಿ ಇನ್ನೂ ಬಹಳ ಜಾಗ ಖಾಲಿಯಿತ್ತು. ಅದನ್ನೂ ನೋಡಿದ. ಆಮೇಲೆ, ನಾನು ಅವನ ಬಾಯಿಂದ ಎಂದೂ ಕೇಳದ ಸಣ್ಣ ದನಿಯಲ್ಲಿ ಕೇಳಿದ.

"ಮಾಮಾ, ಸೇಡಮ್ಮಿನವ್ರಿಗೂ ಒಂದು ಇಡಾಕ ಬರ್ತದೇನ್ರಿ?"

ನಮ್ಮವರು ಬಾಯಿ ತೆರೆಯುವ ಮೊದಲೇ ಇಮಾಮ್ಬೀ ತಂಬಿಗೆ ಕೆಳಗಿಟ್ಟಳು.

"ಬಿಲ್ ಅದೇನು?" ಎಂದಳು.